ತುಂಬದ ಗುಂಡಿ

ಶ್ರೀ ಗುರು ಬಸವ ಪ್ರಸನ್ನ
ಕೆಂಪಕೊಪ್ಪ, ತಾ. ಖಾನಾಪುರ
17-1-1984

ಚಿ. ಸೌ. ಕಾಂತಾಳಿಗೆ ನಿನ್ನ ಅತ್ತೆ ಬಸವಣ್ಣೆವ್ವ ಮಾಡುವ ಆಶೀರ್ವಾದ.

ಇಲ್ಲಿ ನಾನು ಮತ್ತು ನಿನ್ನ ಮಾವ ಕ್ಷೇಮ. ಸಂಕ್ರಾಂತಿಗೆ ಬಾಳಾಸಾಹೇಬ ಒಬ್ಬನೇ ಬಂದ. ಮೂರು ದಿನ ಇದ್ದ. ಎಳ್ಳು ಹೋಳಿಗೆ ತಿಂದ, ಮಲಗಿದ, ಎದ್ದ. ವಾಪಸು ಮಚ್ಛೆಗೆ ಹೊರಟಾಗ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯವ್ವಾ, ಕಾಂತಾಗ ಮೂರ ತಿಂಗಳಾತು" ಎಂದ. ಅಷ್ಟರಲ್ಲಿ ಬಸ್ಸು ಬಿಟ್ಟಿತು. ಮೂರು ದಿನ ಬಾಯಲ್ಲಿ ಇಟ್ಟುಕೊಂಡದ್ದನ್ನು ಬಸ್ಸು ಹೊರಟ ಮೇಲೆ ಹೇಳುವ ಮಗನನ್ನು ಹಡೆದಿದ್ದೇನೆ. ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿದೆ.

ನೀನು ಈ ಹೊಸ್ತಿಲು ದಾಟಿ ಹೋಗಿ ಒಂದೂವರೆ ವರ್ಷವಾಯಿತು. ಯಾಕೆ ಎಂದು ನಾನು ಕೇಳುವುದಿಲ್ಲ. ನಿನಗೆ ಹಡೆದ ತಾಯಿ ಇಲ್ಲ, ಅಣ್ಣನ ಹೆಂಡತಿ ಬಾಣಂತನ ಮಾಡುತ್ತಾಳೆಂಬ ಭರವಸೆ ನನಗಂತೂ ಇಲ್ಲ. ಹೆರಿಗೆ ಬೆಳಗಾವಿಯ ದವಾಖಾನೆಯಲ್ಲೇ ಆಗಲಿ. ಬಾಣಂತನಕ್ಕೆ ಮಾತ್ರ ಇಲ್ಲಿಗೆ ಬಾ. ಇಷ್ಟು ಕೇಳಲಿಕ್ಕೇ ಈ ಪತ್ರ.

ನೀನು ಹೊಸದಾಗಿ ಬಂದಾಗಿನಿಂದಲೂ ಬಯಲಿಗೆ ಹೋಗಬೇಕೆಂದರೆ ಅಳುತ್ತಿದ್ದೆ. ಅದನ್ನು ನೋಡಲಾರದೆ ಕೆಲವು ವರ್ಷಗಳ ಮೇಲೆ ನಾನೇ ನಿಂತು ಸಂಡಾಸ ಕಟ್ಟಿಸಿದೆ. ಓಣಿಗೆ ಅದೇ ಮೊದಲನೆಯದು. "ಸೊಸಿಗೆ ಅರಮನಿ ಕಟ್ಟಿಸ್ಯಾಳ" ಎಂದು ಬಾಜು ಮನೆಯ ಸತ್ಯವ್ವ ನಕ್ಕಿದ್ದಳು. ಮೂರು ಮಳೆಗಾಲ ಕಳೆದವು, ಗುಂಡಿ ಇಂದಿಗೂ ತುಂಬಿಲ್ಲ. ಬೇರೆ ಊರುಗಳಲ್ಲಿ ವರ್ಷ ತುಂಬುವುದರೊಳಗೆ ಉಕ್ಕಿ ನಾರುತ್ತದಂತೆ. ಅದನ್ನು ಕಟ್ಟಿದ ಗೌಂಡಿ ಬಂಡೆಪ್ಪ ಬಂದಾಗಲೆಲ್ಲ ಬಗ್ಗಿ ನೋಡಿ, "ಅಕ್ಕಾರ, ನಿಮ್ಮ ಭೂಮಿ ಹಾಕಿದ್ದೆಲ್ಲ ಕುಡೀತೈತ್ರಿ. ಪುಣ್ಯದ ಜಾಗಾ" ಅನ್ನುತ್ತಾನೆ.

ಆದರೂ ಅದು ಹಿತ್ತಲ ಆಚೆ ತುದಿಗಿದೆ. ಬಾಣಂತಿ ಮಳೆಯಲ್ಲಿ ಅಲ್ಲಿಯವರೆಗೆ ಹೋಗಬಾರದು. ಹಿಂಬಾಗಿಲಿಗೆ ಹತ್ತಿಕೊಂಡೇ ಬಚ್ಚಲು, ಸಂಡಾಸ ಎರಡೂ ಕಟ್ಟಿಸುತ್ತೇನೆ. ಈಗ ಪಂಚಾಯತಿಯ ಪರವಾನಗಿ ಬೇಕಂತೆ. ಅದಕ್ಕೆ ಆರೋಗ್ಯ ಖಾತೆಯ ಸಾಹೇಬರು ಬಂದು ಮಣ್ಣು ನೋಡಿ ಸಹಿ ಹಾಕಬೇಕಂತೆ. ಸಂಡಾಸಕ್ಕೆ ಮಣ್ಣು ನೋಡುವುದೇನು, ಅಲ್ಲಿ ಶೇಂಗಾ ಬಿತ್ತುತ್ತೇವೆಯೇ? ಅರ್ಜಿ ಕೊಟ್ಟು ಬಂದಿದ್ದೇನೆ.

ಉತ್ತರ ಬರೆ. ಎರಡೇ ಸಾಲು ಬರೆದರೂ ನಡೆಯುತ್ತದೆ.

ನಿನ್ನ ಅತ್ತೆ
ಬಸವಣ್ಣೆವ್ವ


ಮಚ್ಛೆ, ಬೆಳಗಾವಿ
9-2-1984

ಅತ್ತೆಯವರಿಗೆ ಕಾಂತಾ ಮಾಡುವ ಶರಣಾರ್ಥಿ.

ನಿಮ್ಮ ಪತ್ರ ಬಂದು ಹದಿನೈದು ದಿನಗಳಾದವು. ಬರೆಯಲು ಕೂತು ಎದ್ದು, ಕೂತು ಎದ್ದು ಹೀಗೆ ತಡವಾಯಿತು. ಇವರು ಕಾರ್ಖಾನೆಗೆ ಹೋಗಿದ್ದಾರೆ. ನನ್ನ ಆರೋಗ್ಯ ಚೆನ್ನಾಗಿದೆ.

ನನಗಾಗಿ ಸಂಡಾಸ ಕಟ್ಟಿಸಬೇಡಿ. ಬರುತ್ತೇನೆಂದು ನಾನು ಹೇಳಲಾರೆ.

ಯಾಕೆಂದು ಕೇಳುವುದಿಲ್ಲ ಎಂದು ಬರೆದಿದ್ದೀರಿ. ನೀವು ಕೇಳದಿದ್ದರೂ ಹೇಳುತ್ತೇನೆ. ನನ್ನ ಮಗಳು ಕಾಶಿಯನ್ನು ಮಣ್ಣಿಗಿಟ್ಟು ಬಂದ ದಿನ ಎಲ್ಲರೂ ಅಂಗಳದಲ್ಲಿ ಕೂತಿದ್ದರು. ನನ್ನ ಅಣ್ಣ, ಅತ್ತಿಗೆ, ಸತ್ಯವ್ವಕ್ಕ, ಓಣಿಯವರೆಲ್ಲ. ಅವರೆಲ್ಲರ ಮುಂದೆ ನೀವು, "ಹಡದಾಕಿನ ಐಸ್‌ಕ್ಯಾಂಡಿ ಕೊಡಿಸಿ ಕೂಸಿನ್ನ ಕೊಂದ್ಲು" ಎಂದಿರಿ. ನಾನು ಮರುಮಾತಾಡಲಿಲ್ಲ. ಮಾತಾಡದೆ ಇದ್ದದ್ದು ನಿಮ್ಮ ಮೇಲಿನ ಗೌರವಕ್ಕಲ್ಲ. ಖರೇ ಇರಬೇಕು ಅನ್ನಿಸಿತು, ಅದಕ್ಕೆ.

ಡಾಕ್ಟರರು ಟೈಫಾಯ್ಡ್ ಅಂದರು. ಕೆಟ್ಟ ನೀರಿನಿಂದ ಬರುತ್ತದೆ, ಯಾವ ನೀರು ಕುಡಿಸುತ್ತಿದ್ದಿರಿ ಎಂದು ಕೇಳಿದರು. ಕಾಸಿ ಆರಿಸಿದ ನೀರು ಬಿಟ್ಟು ಬೇರೆ ಹನಿ ಕೊಟ್ಟಿಲ್ಲ ಎಂದೆ. ನರ್ಸಬಾಯಿ ಹೇಳಿದ ದಿನದಿಂದ ಒಂದು ದಿನವೂ ತಪ್ಪಿಸಿರಲಿಲ್ಲ, ನೀವೇ ನೋಡಿದ್ದೀರಿ. "ಹೊರಗ ಏನರ ತಿಂದಿತ್ತ ಏನ?" ಅಂದರು. ಹದಿನೈದು ದಿನದ ಹಿಂದೆ ಇವರನ್ನು ನೋಡಲು ಬೆಳಗಾವಿಗೆ ಕರೆದುಕೊಂಡು ಬಂದಾಗ ಒಂದು ಐಸ್‌ಕ್ಯಾಂಡಿ ಕೊಡಿಸಿದ್ದೆ ಎಂದೆ. ಡಾಕ್ಟರರು "ಹಾಂ" ಅಂದರು. ಅಷ್ಟೇ. ಆ "ಹಾಂ" ಇನ್ನೂ ನನ್ನ ಕಿವಿಯಲ್ಲಿದೆ.

ಅದು ಕೇಸರಿ ಬಣ್ಣದ್ದು. ಅರ್ಧ ತಿಂದು, "ಅವ್ವಾ, ನೀ ತಿನ್ನ" ಎಂದು ಉಳಿದರ್ಧ ನನ್ನ ಬಾಯಿಗಿಟ್ಟಳು. ನಾನೂ ತಿಂದೆ. ನನಗೇನೂ ಆಗಲಿಲ್ಲ.

ನಮ್ಮ ಬಾಗಿಲ ಮುಂದೆ ಮಧ್ಯಾಹ್ನ ಐಸ್‌ಕ್ಯಾಂಡಿ ಗಾಡಿ ಬರುತ್ತದೆ. ಗಂಟೆ ಕೇಳಿದ ಕೂಡಲೇ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ.

ಮಾವನವರಿಗೆ ಶರಣಾರ್ಥಿ ತಿಳಿಸಿರಿ.

ಕಾಂತಾ


ಕೆಂಪಕೊಪ್ಪ
12-3-1984

ಚಿ. ಸೌ. ಕಾಂತಾಳಿಗೆ ಆಶೀರ್ವಾದ.

ನಿನ್ನ ಪತ್ರ ಓದಿದೆ. ಅದಕ್ಕೆ ಏನು ಬರೆಯಬೇಕೋ ನನಗೆ ತಿಳಿಯುವುದಿಲ್ಲ. ಸಂಕಟದಲ್ಲಿ ಆಡಿದ ಮಾತು. ಸಂಕಟ ನನಗೂ ಇತ್ತು. ಇಷ್ಟಕ್ಕೇ ಬಿಡುತ್ತೇನೆ.

ಇಂದು ಆ ಆರೋಗ್ಯ ಖಾತೆಯ ಸಾಹೇಬ ಬಂದಿದ್ದ. ನಾಗಲಿಂಗ ಎಂದು ಹೆಸರು. ಸಣ್ಣ ವಯಸ್ಸು, ಕಡ್ಡಿಯಂಥ ಮೈ, ಆದರೆ ಮಾತು ಗಟ್ಟಿ. ಹೊಸ ಸಂಡಾಸ ಕಟ್ಟುವ ಜಾಗದಲ್ಲಿ ಮೊಣಕಾಲುದ್ದದ ತಗ್ಗು ತೋಡಿಸಿದ. ನಾಲ್ಕು ಕೊಡ ನೀರು ಹಾಕಿಸಿ, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತ. ನಿನ್ನ ಮಾವ ಸುಮ್ಮನಿರಬೇಕಲ್ಲ, "ಯಾಕ್ರಿ ಸಾಹೇಬ್ರ, ಭೂಮೀದು ನಾಡಿ ಹಿಡದೀರೇನು?" ಎಂದರು.

"ಹೌದ್ರಿ ಯಜಮಾನ್ರ, ನಾಡೀನ ನೋಡಾಕ ಬಂದೇನಿ" ಎಂದ.

ಎಲೆ ಮಡಿಚಿ ಬಾಯಿಗಿಡುವುದರೊಳಗೆ ನೀರು ಮಾಯವಾಯಿತು. ಮತ್ತೆ ಹಾಕಿಸಿದ, ಮತ್ತೆ ಹೋಯಿತು. ಮೂರು ಸಲ ಆಯಿತು. ನಾನು ಹೆಮ್ಮೆಯಿಂದ ಹೇಳಿದೆ, "ನೋಡ್ರಿ, ನಮ್ಮ ಭೂಮಿ ಹಂಗ ಐತಿ. ಹಳೇ ಗುಂಡಿ ಮೂರ ವರ್ಷಾತು, ಮೊಣಕಾಲಮಟ ಸೈತ ತುಂಬಿಲ್ಲ. ಇನ್ನ ಸಹಿ ಹಾಕ್ರಿ."

ಅವನು ಸಹಿ ಹಾಕಲಿಲ್ಲ. ಮುಖ ಸಣ್ಣದು ಮಾಡಿಕೊಂಡು, "ಯಕ್ಕಾರ, ಕುಡದ ನೀರು ಎಲ್ಲಿಗೆ ಹೋಗ್ತೈತಿ?" ಎಂದ.

"ಎಲ್ಲಿಗೆ ಹೋಗ್ತೈತಿ, ಭೂಮಿತಾಯಿ ಹೊಟ್ಟಿಗೆ."

"ನಿಮ್ಮ ಬಾವಿ ಎಲ್ಲೈತಿ?"

ಬೇವಿನ ಗಿಡದ ಕಡೆ ಕೈ ತೋರಿಸಿದೆ. ಅವನು ಚೀಲದಿಂದ ಟೇಪು ತೆಗೆದ. ಹಳೇ ಗುಂಡಿಯಿಂದ ಬಾವಿಗೆ ಇಪ್ಪತ್ತಾರು ಅಡಿ. "ಒಳ್ಳೆ ಮಣ್ಣ ಇದ್ರನ ಐವತ್ತ ಅಡಿ ದೂರ ಇರಬೇಕ್ರಿ. ಇದು ಮಣ್ಣಲ್ಲ, ತೂತು ತೂತಿನ ಕೆಂಪು ಕಲ್ಲು. ಬಾವಿ ಬ್ಯಾರೆ ಇಳಕಲಿಗೆ ಐತಿ" ಎಂದ. ಮಣ್ಣು ಎಂದರೆ ಹೊಲಸು ನೀರನ್ನು ಹಿಡಿದು, ಸಾವಕಾಶ ಸೋಸಿ ಬಿಡಬೇಕಂತೆ, ದಪ್ಪ ಬಟ್ಟೆ ಇದ್ದ ಹಾಗೆ. ಕರಿಮಣ್ಣು ಬಿಡುವುದೇ ಇಲ್ಲ, ಅಲ್ಲಿ ಗುಂಡಿ ಉಕ್ಕುತ್ತದೆ. ನಮ್ಮದು ಹಿಡಿಯುವುದೇ ಇಲ್ಲ. "ನಿಮ್ಮದು ಬಟ್ಟಿ ಅಲ್ರಿ, ಜಾಳಗಿ, ಜರಡಿ ಇದ್ದಂಗ. ಗುಂಡಿ ತುಂಬಿಲ್ಲ ಅಂದ್ರ ಪುಣ್ಯ ಅಲ್ರಿ ಯಕ್ಕಾರ. ಅದು ಎಲ್ಲೋ ತುಂಬಾಕತ್ತೈತಿ."

ನನಗೆ ಮೈಯೆಲ್ಲ ಉರಿಯಿತು. "ನಮ್ಮ ಅಜ್ಜನ ಕಾಲದಿಂದ ಅದ ಬಾವಿ ನೀರಿಲೆ ನಾವು ಲಿಂಗಪೂಜಿ ಮಾಡೀವಿ. ಬಾವಿ ಬಗ್ಗೆ ಮಾತಾಡೂ ಮುಂದ ನಾಲಿಗಿ ಬಿಗಿ ಹಿಡೀರಿ" ಎಂದೆ. ಅವನು ಸಿಟ್ಟಾಗಲಿಲ್ಲ. ಒಂದು ಡಬ್ಬಿಯಿಂದ ಚಿಟಿಕೆ ಪುಡಿ ತೆಗೆದು ಕೊಡದ ನೀರಿಗೆ ಹಾಕಿದ. ನೀರು ಗಿಳಿ ಹಸಿರಾಯಿತು. ಅಂಥ ಆರು ಕೊಡ ನೀರನ್ನು ನಮ್ಮ ಸಂಡಾಸದಲ್ಲಿ ಸುರಿಸಿದ. "ಪುಡಿ ವಿಷ ಅಲ್ಲ, ಹೆದರಬ್ಯಾಡ್ರಿ. ನಾಕ ದಿನ ಬಾವಿ ನೀರು ಕಾಸಿ ಕುಡೀರಿ, ದಿನಾ ನೋಡಕೋತ ಇರ್ರಿ. ಏನೂ ಆಗಲಿಲ್ಲಂದ್ರ ನಾ ಬಂದು ನಿಮ್ಮ ಕಾಲಿಗೆ ಬಿದ್ದು ಸಹಿ ಹಾಕ್ತೇನಿ" ಎಂದು ಹೋದ.

ಸತ್ಯವ್ವ ಗೋಡೆಯ ಮೇಲಿಂದ ಎಲ್ಲ ನೋಡುತ್ತಿದ್ದಳು. "ಯಕ್ಕಾ, ಹೋಳಿ ಹುಣ್ಣಿವಿ ಇನ್ನ ಬಂದಿಲ್ಲ, ನೀವು ಆಗ್ಲೇ ಬಣ್ಣಾ ಆಡಾಕತ್ತೀರಿ" ಅಂದಳು. ನಾನೂ ನಕ್ಕೆ. ಹುಚ್ಚ ಸಾಹೇಬ. ನಾಕು ದಿನ ಕಳೆಯಲಿ, ಕಾಲಿಗೆ ಬೀಳಿಸಿಕೊಂಡೇ ಸಹಿ ಹಾಕಿಸುತ್ತೇನೆ. ನೀನು ಬರುವ ತಯಾರಿ ಮಾಡು.

ನಿನ್ನ ಅತ್ತೆ
ಬಸವಣ್ಣೆವ್ವ


ಕೆಂಪಕೊಪ್ಪ
15-3-1984

ಕಾಂತಾ,

ಮುಂಜಾನೆ ಜಳಕ ಮಾಡಿ, ಯಾವತ್ತಿನಂತೆ ಪೂಜೆಗೆ ಬಾವಿಯಿಂದ ನೀರು ಸೇದಿ ತಂದೆ. ಕತ್ತಲಿತ್ತು. ಲಿಂಗಕ್ಕೆ ಎರೆದೆ. ವಿಭೂತಿ ಧರಿಸಿದೆ, ತೀರ್ಥ ತೆಗೆದುಕೊಂಡೆ. ಅಷ್ಟರಲ್ಲಿ ಬೆಳಕಾಯಿತು. ಉಳಿದ ನೀರನ್ನು ತುಳಸಿಗೆ ಹಾಕಲು ಹೋದೆ. ಬಿಸಿಲಿನಲ್ಲಿ ನೋಡಿದರೆ ತಂಬಿಗೆಯಲ್ಲಿ ನೀರು ಹಸಿರು.

ಅಂಗೈ ನೋಡಿದೆ. ಲಿಂಗ ಹಿಡಿದ ಎಡಗೈ, ಬೆರಳ ಸಂದಿಯೆಲ್ಲ ಹಸಿರು.

ನಿನ್ನ ಮಾವ ಬಾವಿಗೆ ಬಗ್ಗಿ ನೋಡಿ ಅಲ್ಲೇ ಕಟ್ಟೆಯ ಮೇಲೆ ಕೂತರು. ಇನ್ನೂ ಎದ್ದಿಲ್ಲ.

ನೀನು ಬರಬೇಡ. ಹೆಚ್ಚು ಬರೆಯಲು ಆಗುವುದಿಲ್ಲ.

ಬಸವಣ್ಣೆವ್ವ


ಮಚ್ಛೆ
28-3-1984

ಅತ್ತೆಯವರಿಗೆ ಶರಣಾರ್ಥಿ.

ಎರಡು ಪತ್ರ ಒಟ್ಟಿಗೆ ತಲುಪಿದವು. ಒಂದರಲ್ಲಿ ಬಾ ಅಂದಿದ್ದೀರಿ, ಇನ್ನೊಂದರಲ್ಲಿ ಬರಬೇಡ. ಆಮೇಲೆ ಹದಿಮೂರು ದಿನ ಮಾತಿಲ್ಲ. ಇವರು ರವಿವಾರ ಊರಿಗೆ ಬಂದು ಹೋದರು. ಬಾವಿಗೆ ಹಲಗೆ ಮುಚ್ಚಿ ಕಲ್ಲು ಹೇರಿದ್ದೀರಿ, ಸಾಲಿಯ ಹತ್ತಿರದ ಬೋರಿಂಗಿನಿಂದ ನೀರು ಹೊರುತ್ತಿದ್ದೀರಿ, ನೀವು ಯಾರೊಂದಿಗೂ ಮಾತಾಡುವುದಿಲ್ಲ ಅಂದರು. "ನಮ್ಮವ್ವ ನನ್ನ ಮಾರಿ ಸೈತ ನೋಡಲಿಲ್ಲ" ಅಂದರು.

ಹಸಿರು ನೀರಿನ ಪತ್ರವನ್ನು ಎರಡು ಸಲ ಓದಿದೆ. ಅದೇ ನೀರಿನಲ್ಲಿ ನಾವೆಲ್ಲ ಅಡಿಗೆ ಮಾಡಿದ್ದೇವೆ. ಒಂದು ಕ್ಷಣ ನನ್ನ ಮನಸ್ಸಿಗೆ ಬೇರೆ ವಿಚಾರವೂ ಬಂತು. ಅದು ಐಸ್‌ಕ್ಯಾಂಡಿ ಅಲ್ಲ, ಬಾವಿಯೇ ಇರಬೇಕು, ನನ್ನ ತಪ್ಪಲ್ಲ ಎಂದು. ಅತ್ತೆಯವರೇ, ಪತ್ರ ಕೈಯಲ್ಲಿ ಹಿಡಿದು ನಾನು ಕುಣಿಯಬೇಕು ಅನ್ನುವಷ್ಟಾಯಿತು. ದೇವರು ಕ್ಷಮಿಸಲಿ.

ಆಮೇಲೆ ಕೂತು ವಿಚಾರ ಮಾಡಿದೆ. ಅಡಿಗೆಯ ನೀರು ಕುದಿಯುತ್ತದೆ. ಕುಡಿಯುವ ನೀರು ನಾನೇ ಕಾಸಿದ್ದೆ. ಅವಳ ಸಣ್ಣ ತಂಬಿಗೆ ಬೇರೆ ಇಟ್ಟಿದ್ದೆ, ಯಾರೂ ಮುಟ್ಟುತ್ತಿರಲಿಲ್ಲ. ಬಾವಿಯ ನೀರು ಹಸಿಯಾಗಿ ಅವಳ ಹೊಟ್ಟೆಗೆ ಹೋಗಿಲ್ಲ. ಅಂದಮೇಲೆ ಬಾವಿಯಲ್ಲ. ನಾನು ಕೊಡಿಸಿದ್ದೇ.

ನೀವು ಅಂದದ್ದೇ ಖರೇ ಆಯಿತು. ಈಗ ಸಂಶಯವೂ ಉಳಿಯಲಿಲ್ಲ. ಇನ್ನು ನಾನು ಯಾವ ಮುಖ ಇಟ್ಟುಕೊಂಡು ಆ ಮನೆಗೆ ಬರಲಿ? ಹೊಟ್ಟೆಯಲ್ಲಿ ಕೂಸು ಒದೆಯತೊಡಗಿದೆ. ನನ್ನ ಕೈಯಿಂದ ಇದಕ್ಕೇನಾದೀತೋ ಎಂದು ಹೆದರಿಕೆಯಾಗುತ್ತದೆ.

ಕಾಂತಾ


ಶ್ರೀ ಗುರು ಬಸವ ಪ್ರಸನ್ನ
ಕೆಂಪಕೊಪ್ಪ
23-4-1984

ಚಿ. ಸೌ. ಕಾಂತಾಳಿಗೆ,

ಈ ಪತ್ರವನ್ನು ಎರಡು ಸಲ ಬರೆದು ಹರಿದು ಒಲೆಗೆ ಹಾಕಿದೆ. ನಿನ್ನ ಪತ್ರ ಬಂದು ಇಪ್ಪತ್ತು ದಿನ ಮೇಲಾಯಿತು. ಇಷ್ಟು ದಿನ ನಿನ್ನನ್ನು ಆ ಸುಳ್ಳಿನಲ್ಲಿ ಇಟ್ಟದ್ದು ನನ್ನ ಹೇಡಿತನ. ಬೇರೆ ಹೆಸರಿಲ್ಲ ಅದಕ್ಕೆ.

ಕಾಂತಾ, ಕಾಶಿ ಬಾವಿಯ ಹಸಿ ನೀರು ಕುಡಿದಿದ್ದಾಳೆ. ದಿನಾಲೂ ಕುಡಿದಿದ್ದಾಳೆ. ನನ್ನ ಕೈಯಿಂದ.

ನಾನು ಪೂಜೆಗೆ ಕೂತರೆ ಎದ್ದು ಬಂದು ನನ್ನ ಸೆರಗು ಹಿಡಿದು ಕೂಡುತ್ತಿದ್ದಳಲ್ಲ, ಯಾಕೆಂದು ನಿನಗೆ ಗೊತ್ತು. ತೀರ್ಥಕ್ಕೆ. ಪುಟ್ಟ ಕೈ ಬಟ್ಟಲು ಮಾಡಿ, "ಆಯೀ, ಮೂರ ಸಲ" ಅನ್ನುತ್ತಿದ್ದಳು. ಮೂರು ಸಲ ಕೊಟ್ಟರೆ, "ಇನ್ನೊಂದ" ಅನ್ನುತ್ತಿದ್ದಳು. ನಾನು ಕೊಡುತ್ತಿದ್ದೆ. ಪೂಜೆಯ ನೀರನ್ನು ಯಾರು ಕಾಸುತ್ತಾರೆ? ಒಲೆಯ ಮೇಲೆ ಏರಿದ ನೀರು ಲಿಂಗಕ್ಕೆ ನಡೆಯುವುದಿಲ್ಲ ಎಂದು ನಮ್ಮತ್ತೆ ನನಗೆ ಕಲಿಸಿದ್ದಳು. ಬಾವಿಯಿಂದ ಸೇದಿದ್ದು ಸೀದಾ ಲಿಂಗದ ಮೇಲೆ, ಲಿಂಗದ ಮೇಲಿಂದ ಸೀದಾ ಅವಳ ಬಾಯಿಗೆ.

ಜ್ವರ ಬಂದ ಮೇಲೂ ಕೊಟ್ಟೆ. ಜ್ವರ ಇಳಿಯಲಿ ಎಂದು ದಿನಕ್ಕೆ ಎರಡು ಸಲ ಕೊಟ್ಟೆ.

ಡಾಕ್ಟರು ಯಾವ ನೀರು ಕುಡಿಸುತ್ತಿದ್ದಿರಿ ಎಂದು ಕೇಳಿದಾಗ ನಾನು ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ. ಮುಚ್ಚಿಟ್ಟೆ ಎಂದು ತಿಳಿಯಬೇಡ. ಲಿಂಗದ ಮೇಲೆ ಆಣೆ ಮಾಡಿ ಬರೆಯುತ್ತಿದ್ದೇನೆ, ಅದು ನನ್ನ ನೆನಪಿಗೇ ಬರಲಿಲ್ಲ. ನೀರು ಬೇರೆ, ತೀರ್ಥ ಬೇರೆ ಎಂದು ನಾನು ಐವತ್ತು ವರ್ಷ ತಿಳಿದುಕೊಂಡು ಬಂದವಳು. ಯಾರಾದರೂ ಕೇಳಿದ್ದರೂ, ತೀರ್ಥದಿಂದ ರೋಗ ಬರುತ್ತದೇನು ಎಂದು ಅವರ ಮೇಲೆ ಹರಿಹಾಯುತ್ತಿದ್ದೆ. ಆ ಹಸಿರು ಬೆರಳು ನೋಡಿದ ದಿನ ಗೊತ್ತಾಯಿತು. ಅಂದು ಎದೆ ಒಡೆದದ್ದು ಬಾವಿ ಕೆಟ್ಟಿತೆಂದಲ್ಲ.

ಸಂಡಾಸ ಕಟ್ಟಿಸಿದವಳೂ ನಾನೇ. ಬಾವಿಯ ಬಾಜುವಿಗೇ ಇರಲಿ, ಸೊಸೆಗೆ ನೀರು ಹೊರುವುದು ಹತ್ತಿರವಾಗುತ್ತದೆ ಎಂದು ಜಾಗ ತೋರಿಸಿದವಳೂ ನಾನೇ. ಗೌಂಡಿ ಕೇಳಿದ್ದ, "ದೂರ ಮಾಡೂಣೇನ್ರಿ ಅಕ್ಕಾರ?" ಎಂದು.

ನಿನ್ನೆ ಬಸಯ್ಯ ಅಯ್ಯನವರು ಭಿಕ್ಷೆಗೆ ಬಂದಿದ್ದರು. ತಿಂಗಳ ಮೇಲಾಯಿತು, ನಾನು ಲಿಂಗಕ್ಕೆ ನೀರೆರೆದಿಲ್ಲ, ಬರೀ ವಿಭೂತಿ ಹಚ್ಚಿ ಕಟ್ಟಿಕೊಳ್ಳುತ್ತೇನೆ. ಅವರಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ಜೋಳಿಗೆ ಕೆಳಗಿಟ್ಟು ಕೂತರು.

"ಅಯ್ಯನವರ, ಕಾಸಿದ ನೀರು ಲಿಂಗಕ್ಕ ನಡೀತೈತೇನ್ರಿ?" ಎಂದೆ.

"ಲಿಂಗಕ್ಕೇನು ನೆಗಡಿ ಬರತೈತೇನವಾ, ಜ್ವರಾ ಬರತೈತೇನು? ಅದಕ್ಕ ಯಾವ ನೀರಾದ್ರೂ ನಡೀತೈತಿ. ಕೂಸಿಗೆ ಯಾವ ನೀರು ನಡೀತೈತಿ ಅಂತ ಕೇಳಬೇಕಾಗಿತ್ತು. ನೀ ಕೇಳಲಿಲ್ಲ, ನಾ ಹೇಳಲಿಲ್ಲ" ಎಂದರು. ಹೋಗುವಾಗ ನಮ್ಮ ಮನೆಯ ನೀರು ಕೇಳಲಿಲ್ಲ. ಯಾವಾಗಲೂ ಕೇಳುತ್ತಿದ್ದರು.

ಸತ್ಯವ್ವ ಈಗ ಗೋಡೆಯ ಮೇಲೆ ಬರುವುದಿಲ್ಲ. ಅವರೂ ಅದೇ ಬಾವಿಯ ನೀರು ಒಯ್ಯುತ್ತಿದ್ದರು. "ನಿಮ್ಮ ಸಂಡಾಸದ ನೀರಿಲೆ ನಾವು ರೊಟ್ಟಿ ಹಿಟ್ಟು ನಾದೀವೇನ ಯಕ್ಕಾ?" ಎಂದು ಒಂದೇ ಮಾತು ಕೇಳಿ ಹೋದಳು. ಅವಳ ಮೊಮ್ಮಗನಿಗೂ ಆ ವರ್ಷ ಅದೇ ಜ್ವರ ಬಂದಿತ್ತು. ಅವನು ಉಳಿದ.

ಐಸ್‌ಕ್ಯಾಂಡಿಯ ತಪ್ಪು ಇಲ್ಲ. ನಿನ್ನ ತಪ್ಪು ಇಲ್ಲ. ಗಾಡಿಯ ಗಂಟೆ ಕೇಳಿದರೆ ಇನ್ನು ಬಾಗಿಲು ಹಾಕಿಕೊಳ್ಳಬೇಡ.

ಬಾ ಎಂದು ಕರೆಯುವ ಬಾಯಿ ನನಗೆ ಉಳಿದಿಲ್ಲ.

ಬಸವಣ್ಣೆವ್ವ


ಮಚ್ಛೆ
20-5-1984

ಅತ್ತೆಯವರಿಗೆ,

ನಿಮ್ಮ ಪತ್ರ ಓದಿದ ದಿನ ಒಲೆ ಹಚ್ಚಲಿಲ್ಲ. ಮರುದಿನವೂ ಹಚ್ಚಲಿಲ್ಲ. ಇವರು ಹೋಟೆಲಿನಿಂದ ತಂದರು. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬರೆದರೆ ಕಾಗದ ಹರಿದೀತು. ಅತ್ತೆಯವರೇ, ಒಂದು ವರ್ಷ ಹತ್ತು ತಿಂಗಳು. ಅಷ್ಟು ದಿನ ನಾನು ನನ್ನ ಕೂಸನ್ನು ಕೊಂದವಳಾಗಿ ಎದ್ದು, ನೀರು ತುಂಬಿ, ರೊಟ್ಟಿ ಬಡಿದು, ಮಲಗಿದ್ದೇನೆ.

ಸಿಟ್ಟು ಇಳಿದ ಮೇಲೆ ಇನ್ನೊಂದು ನೆನಪಾಯಿತು. ಅದನ್ನೂ ಬರೆಯದಿದ್ದರೆ ನಾನೂ ನಿಮ್ಮಂತೆಯೇ ಆದೇನು.

ಅವಳು ಏಳಲು ಹಟ ಮಾಡಿದರೆ, "ಏಳ ನನ್ನವ್ವಾ, ಆಯಿ ತೀರ್ಥಾ ಕೊಡತಾಳ" ಎಂದು ಎಬ್ಬಿಸಿ ಕಳಿಸುತ್ತಿದ್ದವಳು ನಾನು. ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೈ ಹೇಗೆ ಬಟ್ಟಲು ಮಾಡಬೇಕೆಂದು ಕಲಿಸಿದವಳೂ ನಾನು. ಡಾಕ್ಟರಿಗೆ ಕಾಸಿದ ನೀರು ಬಿಟ್ಟು ಬೇರೆ ಹನಿ ಕೊಟ್ಟಿಲ್ಲ ಎಂದಾಗ ನಾನು ಸುಳ್ಳು ಹೇಳಲಿಲ್ಲ, ಆದರೂ ಅದು ಸುಳ್ಳಾಗಿತ್ತು. ನನಗೂ ಅದು ನೀರಾಗಿರಲಿಲ್ಲ. ನಿಮಗೆ ಹಿಂದಿನ ಪತ್ರ ಬರೆಯುವಾಗಲೂ ಅವಳು ಕುಡಿದದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ, ತೀರ್ಥ ನೆನಪಿಗೆ ಬರಲಿಲ್ಲ.

ಹೀಗಾಗಿ ತೀರ್ಥ ಕೊಟ್ಟದ್ದಕ್ಕೆ ನಾನು ನಿಮ್ಮನ್ನು ಏನೂ ಅನ್ನಲಾರೆ. ಅಂಗಳದಲ್ಲಿ ಆಡಿದ ಮಾತಿಗೆ ಅನ್ನುತ್ತೇನೆ. ಅದನ್ನು ನೀವು ನಾಲ್ಕು ಗೋಡೆಯೊಳಗೆ ಆಡಿರಲಿಲ್ಲ. ನನ್ನ ಅಣ್ಣನ ಹೆಂಡತಿ ಇವತ್ತಿಗೂ ತನ್ನ ಮಕ್ಕಳಿಗೆ, "ಕಾಂತಾ ಆತ್ಯಾನ ಕಡೆ ಏನೂ ಇಸ್ಕೊಂಡು ತಿನಬ್ಯಾಡ್ರಿ" ಅನ್ನುತ್ತಾಳೆ. ನಾನೇ ಕೇಳಿದ್ದೇನೆ. ಎಲ್ಲರ ಮುಂದೆ ಆಡಿದ ಮಾತನ್ನು ಮುಚ್ಚಿದ ಪತ್ರದಲ್ಲಿ ತಿರುಗಿ ತೆಗೆದುಕೊಂಡರೆ ಆಗುವುದಿಲ್ಲ. ಅಂದು ಕೇಳಿದವರಿಗೆಲ್ಲ ಅದು ಕೇಳಿಸಬೇಕು.

ಅದು ಆದರೆ ಬರುತ್ತೇನೆ. ಕುಡಿಯುವ ನೀರನ್ನು ಇಲ್ಲಿಂದಲೇ ಕಾಸಿ ಕ್ಯಾನಿನಲ್ಲಿ ತುಂಬಿಕೊಂಡು ಬರುತ್ತೇನೆ. ನಿಮಗೆ ಅವಮಾನ ಅನ್ನಿಸಿದರೂ ತರುತ್ತೇನೆ.

ಕಾಂತಾ


(ಪೋಸ್ಟ್ ಕಾರ್ಡು, ಒಂದನೆಯದು)

ಕೆಂಪಕೊಪ್ಪ, ತಾ. ಖಾನಾಪುರ
11-6-1984

ಚಿ. ಸೌ. ಕಾಂತಾಳಿಗೆ ಆಶೀರ್ವಾದ.

ಇದನ್ನು ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಅಂಚೆಯವನು ಓದಲಿ. ಮಚ್ಛೆಯ ನಿಮ್ಮ ಮನೆಮಾಲಕರು ಓದಲಿ. ಇದೇ ಕಾರ್ಡನ್ನು ನಿನ್ನ ಅಣ್ಣನ ವಿಳಾಸಕ್ಕೂ ಹಾಕಿದ್ದೇನೆ.

ನನ್ನ ಮೊಮ್ಮಗಳು ಕಾಶಿ 1982ರ ಆಷಾಢದಲ್ಲಿ ಟೈಫಾಯ್ಡ್ ಜ್ವರದಿಂದ ತೀರಿಕೊಂಡಳು. ಅವಳ ತಾಯಿ ಕೊಡಿಸಿದ ಐಸ್‌ಕ್ಯಾಂಡಿಯಿಂದ ಎಂದು ನಾನು ಎಲ್ಲರ ಮುಂದೆ ಅಂದೆ. ಅದು ಸುಳ್ಳು. ನಮ್ಮ ಸಂಡಾಸದ ಗುಂಡಿಯ ನೀರು ನಮ್ಮ ಬಾವಿಗೆ ಇಳಿಯುತ್ತಿತ್ತು. ಆ ನೀರನ್ನು ಕಾಸದೆ ತೀರ್ಥವೆಂದು ಕೂಸಿಗೆ ಕೊಟ್ಟವಳು ನಾನು. ಗುಂಡಿಯ ಜಾಗ ತೋರಿಸಿದವಳೂ ನಾನು. ನನ್ನ ಸೊಸೆ ಅವಳಿಗೆ ಕಾಸಿ ಆರಿಸಿದ ನೀರನ್ನೇ ಕುಡಿಸುತ್ತಿದ್ದಳು. ಸುಳ್ಳಿದ್ದರೆ ಲಿಂಗ ನೋಡಿಕೊಳ್ಳಲಿ.

ಬಸವಣ್ಣೆವ್ವ, ಗುರುಪುತ್ರಪ್ಪನವರ ಹೆಂಡತಿ


(ಪೋಸ್ಟ್ ಕಾರ್ಡು, ಎರಡನೆಯದು)

ಕೆಂಪಕೊಪ್ಪ
11-6-1984

ಕಾಂತಾ, ಮೊದಲಿನ ಕಾರ್ಡಿನಲ್ಲಿ ಜಾಗ ಸಾಲಲಿಲ್ಲ.

ನಿನ್ನೆ ನಮ್ಮ ಅಂಗಳಕ್ಕೆ ಓಣಿಯವರನ್ನು ಕರೆದೆ, ಅಂದು ಕೂತವರನ್ನೇ. ನಿಂತು ಹೇಳಿದೆ. ಸತ್ಯವ್ವ ಸಿಟ್ಟಿನಿಂದ ಎದ್ದು ಹೋದಳು ಎಂದುಕೊಂಡೆ. ಆಮೇಲೆ ಬೋರಿಂಗಿನ ನೀರು ಒಂದು ಕೊಡ ತಂದು ಬಾಗಿಲಲ್ಲಿಟ್ಟು, "ಬಾಯಿ ಆರಿರಬೇಕು, ಕುಡಿ. ಕಾಸಿದ್ದೈತಿ" ಎಂದಳು. ಆಗ ನಾನು ಅತ್ತೆ, ಅದಕ್ಕೆ ಮೊದಲು ಅತ್ತಿರಲಿಲ್ಲ.

ಹಳೇ ಗುಂಡಿ ಸುಣ್ಣ ಹಾಕಿ ಮುಚ್ಚಿಸಿದೆವು. ಹೊಸದು ಬಾವಿಯ ಕೆಳಗಿನ ಇಳಕಲಿಗೆ, ಎಪ್ಪತ್ತೆರಡು ಅಡಿ ದೂರ. ತಳಕ್ಕೂ ಗೋಡೆಗೂ ಸಿಮೆಂಟು, ಹನಿ ಸೋರದ ಟಾಕಿ. ಅದರ ನೀರು ಸೋಸಿ ಹೋಗಲು ಕೆರೆಯ ಕಡೆಯಿಂದ ಮಣ್ಣು ಹೇರಿ ತಂದು ಉದ್ದ ಪಾತಿ ಮಾಡಿಸಿದ್ದೇವೆ. ನಾಗಲಿಂಗ ಸಾಹೇಬ ಮತ್ತೆ ಗಡಿಯಾರ ಹಿಡಿದು ಕೂತ. ಈ ಸಲ ನೀರು ಇಳಿಯಲು ಅರ್ಧ ತಾಸು ತೆಗೆದುಕೊಂಡಿತು. ಅಷ್ಟೂ ಹೊತ್ತು ನಾನು ಅಲ್ಲೇ ನಿಂತು ನೋಡಿದೆ. ಪರವಾನಗಿಗೆ ಸಹಿ ಹಾಕಿದ. ಕಾಲಿಗೆ ಬೀಳಲು ನಾನೇ ಹೋದೆ, ಬೀಳಗೊಡಲಿಲ್ಲ.

ಇನ್ನು ಮುಂದೆ ಈ ಮನೆಯಲ್ಲಿ ಕೂಸಿಗೆ ನನ್ನ ಕೈಯಿಂದ ಹನಿ ನೀರೂ ನೀನು ಹೇಳದೆ ಬೀಳುವುದಿಲ್ಲ.

ಕ್ಯಾನಿನಲ್ಲಿ ನೀರು ತರುತ್ತೇನೆ ಅಂದಿದ್ದೀ. ತಾ. ಲಿಂಗದ ಮೇಲೆ ನೀರು ಬಿದ್ದು ಇಂದಿಗೆ ಮೂರು ತಿಂಗಳಾಗುತ್ತ ಬಂತು. ಬೋರಿಂಗಿನ ನೀರು ಕಾಸಿಟ್ಟೆ, ಎರೆಯಲು ಕೈ ಬರಲಿಲ್ಲ. ನೀನು ಕಾಸಿ ತಂದ ನೀರಿನಲ್ಲಿ ಒಂದು ತಂಬಿಗೆ ನನಗೆ ಕೊಡು, ಅದನ್ನೇ ಎರೆಯುತ್ತೇನೆ.

ಬಸವಣ್ಣೆವ್ವ